ಕ್ಯೂಆರ್ ಕೋಡ್ ಕಿತ್ತಾಕಿದ ಅಂಗಡಿಯವರಿಗೆ ಅಪಘಾತ ಪರಿಹಾರ ಎಷ್ಟು ಸಿಗುತ್ತೆ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ರಾಜ್ಯದ ಹಲವು ಸಣ್ಣ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ಕ್ಯಾಶ್ ಮಾತ್ರ’ ಬೋರ್ಡ್ ಬಿತ್ತು. ಜಿಎಸ್‌ಟಿ ಭಯ ಅರ್ಥವಾಗುವಂಥದ್ದೇ. ಆದ್ರೆ ಆಗ ಯಾರೂ ಯೋಚಿಸದ ನಷ್ಟ ಇನ್ನೊಂದಿದೆ. ಅಂಗಡಿ ಯಜಮಾನ ರಸ್ತೆ ಅಪಘಾತದಲ್ಲಿ ತೀರಿಕೊಂಡರೆ, ಅವರ ದುಡಿಮೆ ಎಷ್ಟಿತ್ತು ಅಂತ ತೋರಿಸಲು ಮನೆಯವರ ಕೈಯಲ್ಲಿ ಏನೂ ಇರಲ್ಲ.

ಎಂವಿಸಿ ಕೇಸಿನಲ್ಲಿ ಪರಿಹಾರ ನಿಲ್ಲೋದೇ ಆದಾಯದ ಮೇಲೆ. 38 ವರ್ಷದ ಕಿರಾಣಿ ವ್ಯಾಪಾರಿ, ತಿಂಗಳಿಗೆ 30 ಸಾವಿರ ಸಂಪಾದನೆ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅಂತಿಟ್ಟುಕೊಳ್ಳಿ. ತಪ್ಪು ಎದುರಿನ ವಾಹನದ್ದು. ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕದಂತೆ ಮುಂದಿನ ಗಳಿಕೆಗೆ ಶೇ 40 ಸೇರಿಸಿ, ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು, ವರ್ಷದ ಮೊತ್ತವನ್ನು 15ರಿಂದ ಗುಣಿಸಿದರೆ 56.70 ಲಕ್ಷ. ಐಟಿ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದೂ ಇಲ್ಲ ಅಂದ್ರೆ ಕೋರ್ಟ್ ಅಂದಾಜು ಆದಾಯ ಹಿಡಿಯುತ್ತೆ. ಅದು 15 ಸಾವಿರ ಆದರೆ ಕೈಗೆ 28.35 ಲಕ್ಷ. ಅರ್ಧಕ್ಕರ್ಧ ಹೋಯ್ತು! ತೀರಿಕೊಂಡ ಮೇಲೆ ಅವಸರದಲ್ಲಿ ಸಲ್ಲಿಸಿದ ರಿಟರ್ನ್ಸನ್ನು ವಿಮಾ ಕಂಪನಿ ವಕೀಲರು ಸುಮ್ಮನೆ ಬಿಡಲ್ಲ.

ಗಡುವೂ ಇದೆ. 2022ರ ಏಪ್ರಿಲ್‌ನಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ, ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆ. ಕೋರ್ಟ್ ಏನಾದ್ರೂ ಹೇಳಲಿ ಅಂತ ಕಾಯೋದು ಜಾಣತನ ಅಲ್ಲ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ, ಅಷ್ಟೇ.

ಇನ್ನು ಅಂಗಡಿಯವರು ಬ್ಯಾಂಕಿನಲ್ಲಿ ಇಟ್ಟುಹೋದ ಹಣ. ಮದುವೆಗೆ ಮುಂಚೆ ತೆರೆದ ಖಾತೆಗೆ ತಮ್ಮನ ಹೆಸರು ನಾಮಿನಿ, ಆಮೇಲೆ ಬದಲಾಯಿಸಿದ್ದೇ ಇಲ್ಲ. ಇಂಥ ಮನೆಗಳು ಬೇಕಾದಷ್ಟಿವೆ. ಬ್ಯಾಂಕ್ ಹಣವನ್ನು ತಮ್ಮನ ಕೈಗೇ ಕೊಡುತ್ತೆ. ಆದರೆ ನಾಮಿನಿ ಹಣ ಪಡೆದುಕೊಳ್ಳುವವನೇ ಹೊರತು ಮಾಲೀಕನಲ್ಲ. ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆ ಹಣ ಹೆಂಡತಿ, ಗಂಡು-ಹೆಣ್ಣು ಮಕ್ಕಳು, ತಾಯಿಗೆ ಸಮಪಾಲು. ತಂದೆ ಈ ಮೊದಲ ಪಟ್ಟಿಯಲ್ಲಿಲ್ಲ! ತಮ್ಮ ಕೊಡಲ್ಲ ಅಂದರೆ ಅತ್ತಿಗೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಜೀವವಿಮೆ ನಿಯಮ ಸ್ವಲ್ಪ ಬೇರೆ, ಮುಸ್ಲಿಮರ ಪಾಲಿನ ಲೆಕ್ಕವೂ ಬೇರೆ.

ವಿಲ್ ಅಂದ್ರೆ ಸಾಹುಕಾರರದ್ದು ಅಂತ ಜನ ಅಂದ್ಕೊಂಡಿದ್ದಾರೆ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಸಬಹುದು. ಹಳೇ ಖಾತೆಯಲ್ಲಿ ಯಾರ ಹೆಸರಿದೆ ಅನ್ನೋದು ಬ್ಯಾಂಕ್ ಕೌಂಟರಿನಲ್ಲಿ ಕೇಳಿದರೆ ಗೊತ್ತಾಗುತ್ತೆ.