ಧಾಟಿಗೂ ಬೇಕು ಅಂಕಿತ

ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕು ಎಂಬ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಕರ್ನಾಟಕಕ್ಕೆ ಹದಿನೆಂಟು ವರ್ಷ ಬೇಕಾಯಿತು. ಕುವೆಂಪು ಅವರ ಕವಿತೆಗೆ ನಾಡಗೀತೆಯ ಸ್ಥಾನ ದೊರೆತದ್ದು 2004ರಲ್ಲಿ. ಅದನ್ನು ಮೈಸೂರು ಅನಂತಸ್ವಾಮಿ ಅವರ ಸಂಯೋಜನೆಯಲ್ಲಿ, ಎರಡೂವರೆ ನಿಮಿಷದ ಮಿತಿಯಲ್ಲಿ ಹಾಡಬೇಕೆಂಬ ಸರ್ಕಾರಿ ಆದೇಶ ಹೊರಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಸಿ. ಅಶ್ವತ್ಥ್ ಅವರ ಧಾಟಿಯ ಪರವಾಗಿ ವಾದಿಸಿದವರಿದ್ದರು, ಸಮಿತಿಗಳು ಕುಳಿತವು, ಆದೇಶ ಬಂದ ಮೇಲೆ ಅದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದ್ದೂ ಆಯಿತು. ಇದೆಲ್ಲ ಬರೀ ಕಾಲಹರಣ ಎಂದು ಹಳಿದವರೇ ಹೆಚ್ಚು. ನನಗೆ ಮಾತ್ರ ಅದರಲ್ಲಿ ಒಂದು ಸಮಾಧಾನ ಕಂಡಿತ್ತು. ಹಾಡಿಗೆ ಕವಿಯೊಬ್ಬನಿರುವಂತೆ ಧಾಟಿ ಕಟ್ಟಿದವನೂ ಒಬ್ಬನಿರುತ್ತಾನೆ ಎಂಬುದನ್ನು ನಾಡು ಇಷ್ಟು ಗಟ್ಟಿ ದನಿಯಲ್ಲಿ ಒಪ್ಪಿಕೊಂಡ ಇನ್ನೊಂದು ಸಂದರ್ಭ ನೆನಪಿಗೆ ಬರುವುದಿಲ್ಲ.

ಈಗ ಹೊಸ ಧಾಟಿಗಳು ಹುಟ್ಟುತ್ತಿರುವ ಜಾಗವೇ ಬೇರೆ. ಮನೆಯ ಕೋಣೆಯೊಂದರಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತ ಸಂಯೋಜಕ ರಾತ್ರಿ ಮುಗಿಸಿದ ಹಾಡು ಬೆಳಗಾಗುವುದರೊಳಗೆ ಅಂತರ್ಜಾಲದಲ್ಲಿರುತ್ತದೆ. ಆಕಾಶವಾಣಿಯ ಧ್ವನಿಪರೀಕ್ಷೆಗೆ ಕಾಯಬೇಕಿಲ್ಲ, ಕ್ಯಾಸೆಟ್ ಕಂಪನಿಯ ಹೊಸ್ತಿಲು ತುಳಿಯಬೇಕಿಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ಸಂಗೀತ ನೀಡಿದ ‘ನಿತ್ಯೋತ್ಸವ’ 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟಾಗಿ ಬಂದಾಗ, ಅದರ ಹಿಂದೆ ಬಂಡವಾಳ ಹೂಡುವ ಧೈರ್ಯ ಯಾರಾದರೂ ಮಾಡಲೇಬೇಕಿತ್ತು. ಇಂದು ಅಂಥ ಧೈರ್ಯಕ್ಕೆ ತಗಲುವ ವೆಚ್ಚ ಒಂದು ಒಳ್ಳೆಯ ಮೈಕಿನದು. ಇದು ನಿಜವಾದ ಲಾಭ. ಅದನ್ನು ಅಲ್ಲಗಳೆಯುವುದು ಸುಳ್ಳಾಡಿದಂತೆ.

ಆದರೆ ಹೀಗೆ ಹಂಚಿಕೊಂಡ ಸಂಗೀತದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುತೇಕ ಒಂದೇ ಬಿಂದುವಿನ ಸುತ್ತ ಗಿರಕಿ ಹೊಡೆಯುತ್ತದೆ. ಪುಕ್ಕಟೆ ಕೇಳುತ್ತಾರೆ, ಹಣ ಬರುವುದಿಲ್ಲ ಎಂಬುದೇ ಆ ಬಿಂದು. ಹಣದ ಕೊರತೆ ದಿಟ. ಆದರೆ ಅದಕ್ಕಿಂತ ಮೊದಲು ಕಳೆದುಹೋಗುತ್ತಿರುವುದು ಹೆಸರು. ಹೆಸರು ಕಳೆದುಹೋಗುವುದರಿಂದಲೇ ಎಷ್ಟೋ ಸಲ ಹಣವೂ ಕಳೆದುಹೋಗುತ್ತದೆ.

ನಮ್ಮ ಪರಂಪರೆಗೆ ಹೆಸರಿನ ಮಹತ್ವ ಗೊತ್ತಿಲ್ಲದ್ದೇನಲ್ಲ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ದಾಸರಿಗೆ ಪುರಂದರವಿಠಲ, ಕಾಗಿನೆಲೆಯಾದಿಕೇಶವ. ಅಂಕಿತ ದೇವರ ಹೆಸರೇ ಆದರೂ ಓದುವವನಿಗೆ, ಹಾಡುವವನಿಗೆ ಅದು ಕರ್ತೃವಿನ ಗುರುತು. ಬಾಯಿಂದ ಬಾಯಿಗೆ ಐದು ಶತಮಾನ ಹರಿದುಬಂದರೂ ಪದ ಯಾರದೆಂಬುದು ಅಳಿಯಲಿಲ್ಲ. ಆದರೆ ಪುರಂದರದಾಸರು ಆ ಪದಗಳನ್ನು ಯಾವ ಮಟ್ಟಿನಲ್ಲಿ ಹಾಡಿದರೋ ಅದರ ಬಹುಭಾಗ ನಮಗೆ ಉಳಿದಿಲ್ಲ. ಇಂದು ಕಛೇರಿಗಳ ಕೊನೆಯಲ್ಲಿ ನಾವು ತಲೆದೂಗುವ ದೇವರನಾಮಗಳಲ್ಲಿ ಅನೇಕವಕ್ಕೆ ರಾಗ ಹಾಕಿದವರು ಇಪ್ಪತ್ತನೆಯ ಶತಮಾನದ ಸಂಗೀತಗಾರರು. ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಪದ ತನ್ನ ಒಡೆಯನ ಹೆಸರನ್ನು ಮೈಮೇಲೆ ಹೊತ್ತು ನಡೆಯುತ್ತದೆ. ಸ್ವರಕ್ಕೆ ಅಂಥ ಸೌಕರ್ಯವಿಲ್ಲ. ಮೈಸೂರು ವಾಸುದೇವಾಚಾರ್ಯರಂಥ ವಾಗ್ಗೇಯಕಾರರ ವಿಷಯದಲ್ಲಿ ಮಾತು ಧಾತು ಎರಡೂ ಒಬ್ಬರದೇ ಆದ್ದರಿಂದ ಮುದ್ರೆಯೊಂದೇ ಎರಡಕ್ಕೂ ಸಾಕಾಯಿತು. ಸುಗಮ ಸಂಗೀತದಲ್ಲಿ ಕವಿ ಬೇರೆ, ಸಂಯೋಜಕ ಬೇರೆ. ಕವಿಗೆ ಪುಸ್ತಕದ ರಕ್ಷಣೆಯಿದೆ, ಗಾಯಕನಿಗೆ ದನಿಯೇ ಸಾಕ್ಷಿ. ನಡುವಿನವನಿಗೆ ಯಾರಾದರೂ ಹೆಸರು ಹೇಳಿದರೆ ಮಾತ್ರ ಉಂಟು.

ಆಕಾಶವಾಣಿ ಆ ಕೆಲಸವನ್ನು ದಶಕಗಳ ಕಾಲ ನಿಷ್ಠೆಯಿಂದ ಮಾಡಿತು. ಸಾಹಿತ್ಯ ಇಂಥವರದು, ಸಂಗೀತ ಸಂಯೋಜನೆ ಇಂಥವರದು, ಹಾಡಿದವರು ಇಂಥವರು ಎಂದು ಉದ್ಘೋಷಕರು ಪ್ರತಿ ಹಾಡಿಗೂ ಹೇಳುತ್ತಿದ್ದರು. ನಡುವಯಸ್ಸು ದಾಟಿದ ಕನ್ನಡಿಗರಿಗೆ ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಎಂಬ ಹೆಸರುಗಳು ಬಾಯಿಪಾಠವಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ವಿವಿಧ ಭಾರತಿಯಿಂದ. ಕ್ಯಾಸೆಟ್ಟಿನ ಒಳಹಾಳೆಯಲ್ಲೂ ಮೂರು ಹೆಸರಿಗೆ ಜಾಗವಿರುತ್ತಿತ್ತು. ನೂರು ಹಾಡುಗಳನ್ನು ಒಂದೇ ತಟ್ಟೆಗೆ ತುಂಬಿ ಮಾರುವ ಎಂಪಿ3 ಸಿ.ಡಿ.ಗಳ ಕಾಲ ಬಂದಾಗ ಆ ಹಾಳೆ ಮೊದಲು ಕಾಣೆಯಾಯಿತು.

ಅದು ಕೇವಲ ಅಂಗಡಿಯವರ ಅಸಡ್ಡೆಯಲ್ಲ. ಎಂಪಿ3 ಕಡತದೊಳಗೆ ಹಾಡಿನ ವಿವರ ಬರೆದಿಡಲು 1996ರಲ್ಲಿ ರೂಪಿಸಿದ ಐಡಿ3 ಎಂಬ ಚೀಟಿಯನ್ನೇ ನೋಡಿ. ಇಡೀ ಚೀಟಿಗೆ 128 ಬೈಟ್ ಜಾಗ. ಅದರಲ್ಲಿ ಹಾಡಿನ ಹೆಸರಿಗೆ, ಕಲಾವಿದನಿಗೆ, ಆಲ್ಬಮ್ಮಿಗೆ, ವರ್ಷಕ್ಕೆ, ಟಿಪ್ಪಣಿಗೆ, ಪ್ರಕಾರಕ್ಕೆ ಒಂದೊಂದು ಅಂಕಣ. ಸಂಯೋಜಕನಿಗೆ ಅಂಕಣವೇ ಇರಲಿಲ್ಲ. ಪ್ರಕಾರಗಳ ಮೂಲ ಪಟ್ಟಿಯಲ್ಲಿದ್ದ ಎಂಬತ್ತು ಹೆಸರುಗಳಲ್ಲಿ ಪೋಲ್ಕಾ ಕುಣಿತಕ್ಕೂ ಜಾಗ ಸಿಕ್ಕಿತ್ತು. ಕರ್ನಾಟಕ ಸಂಗೀತವನ್ನಾಗಲೀ ಹಿಂದೂಸ್ತಾನಿಯನ್ನಾಗಲೀ ಅಲ್ಲಿ ಹುಡುಕುವುದು ವ್ಯರ್ಥ. ಎರಡು ವರ್ಷಗಳ ನಂತರದ ಆವೃತ್ತಿಯಲ್ಲಿ ಸಂಯೋಜಕನಿಗೆ ಅಂಕಣ ದೊರೆಯಿತಾದರೂ ಅಭ್ಯಾಸ ಬೇರೂರಿಬಿಟ್ಟಿತ್ತು. ಸ್ಪಾಟಿಫೈ 2008ರಲ್ಲಿ ಆರಂಭವಾಗಿ, ಹಾಡು ರಚಿಸಿದವರ ಹೆಸರನ್ನು ಕೇಳುಗರಿಗೆ ತೋರಿಸತೊಡಗಿದ್ದು 2018ರಲ್ಲಿ.

ಇದರ ಪರಿಣಾಮ ಭಾವುಕತೆಯ ಮಟ್ಟದಲ್ಲಿ ನಿಲ್ಲುವುದಿಲ್ಲ. ಅಂತರ್ಜಾಲದಲ್ಲಿ ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕೆಗಳ ಗುರುತು ಇರುತ್ತದೆ. ಆ ಮುದ್ರಣದ ಹಿಂದಿರುವ ರಚನೆಗೆ ಬೇರೆಯದೇ ಗುರುತು, ಐಎಸ್‌ಡಬ್ಲ್ಯುಸಿ. ಒಂದೇ ಹಾಡನ್ನು ಹತ್ತು ಮಂದಿ ಹಾಡಿದರೆ ಮೊದಲನೆಯದು ಹತ್ತು, ಎರಡನೆಯದು ಒಂದೇ. ಹಾಡನ್ನು ಜಾಲಕ್ಕೇರಿಸುವ ವಿತರಕ ಸಂಸ್ಥೆ ಮೊದಲನೆಯದನ್ನು ಸಲೀಸಾಗಿ ಒದಗಿಸುತ್ತದೆ. ಎರಡನೆಯದು ಸಂಯೋಜಕರ ಸಂಘದಲ್ಲಿ ಕೃತಿಯನ್ನು ನೋಂದಾಯಿಸಿದರೆ ಮಾತ್ರ ಬರುವಂಥದು. ಈ ಎರಡು ಗುರುತುಗಳ ನಡುವಿನ ಕೊಂಡಿ ತಪ್ಪಿದರೆ ಹಾಡು ಲಕ್ಷ ಸಲ ಕೇಳಿಸಿದರೂ ಅದನ್ನು ಕಟ್ಟಿದವನ್ಯಾರೆಂದು ಯಂತ್ರಕ್ಕೆ ತಿಳಿಯದು. ಅಮೆರಿಕದಲ್ಲಿ 2018ರ ಕಾಯ್ದೆಯನ್ವಯ ಸ್ಥಾಪನೆಯಾದ ಪರವಾನಗಿ ಸಂಸ್ಥೆಗೆ 2021ರ ಫೆಬ್ರವರಿಯಲ್ಲಿ ಇಪ್ಪತ್ತು ಸಂಗೀತ ಸೇವೆಗಳು ಒಪ್ಪಿಸಿದ ಬಾಕಿ ರಾಯಧನ ಸುಮಾರು 42.4 ಕೋಟಿ ಡಾಲರ್. ಯಾರಿಗೆ ಕೊಡಬೇಕೆಂದು ಪತ್ತೆಯಾಗದೆ ವರ್ಷಗಳಿಂದ ಕೊಳೆಯುತ್ತಿದ್ದ ಹಣವದು. ಕದ್ದ ಹಣವಲ್ಲ, ವಿಳಾಸವಿಲ್ಲದ ಹಣ. ಲೆಕ್ಕಪತ್ರಕ್ಕೆ ಹೆಸರಾದ ದೇಶದಲ್ಲೇ ಹೀಗಾದರೆ, ‘ಜನಪದ’, ‘ಸಾಂಪ್ರದಾಯಿಕ’ ಎಂದು ಬರೆದು ಕೈತೊಳೆದುಕೊಳ್ಳುವ ನಮ್ಮಲ್ಲಿನ ಸ್ಥಿತಿಯನ್ನು ಓದುಗರೇ ಊಹಿಸಬಹುದು.

ಕಾನೂನು ಸಂಯೋಜಕನ ಕಡೆಗೆ ತಿರುಗಿದ್ದು ನಿಧಾನವಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಮೂಲ ವ್ಯಾಖ್ಯೆಯಂತೆ ಸಂಗೀತ ಕೃತಿ ಎನಿಸಿಕೊಳ್ಳಲು ಅದು ಬರಹದ ಅಥವಾ ಮುದ್ರಣದ ರೂಪ ಪಡೆದಿರಬೇಕಿತ್ತು. ಹಾರ್ಮೋನಿಯಂ ಮುಂದೆ ಕುಳಿತು ಗುನುಗಿ ಗುನುಗಿ ಧಾಟಿ ಕಟ್ಟುವ ನಾಡಿನಲ್ಲಿ ಇದೆಂಥ ವಿಡಂಬನೆ! 1994ರ ತಿದ್ದುಪಡಿ ಆ ಷರತ್ತನ್ನು ತೆಗೆದು, ಸ್ವರಲಿಪಿ ಬರೆಯಲಿ ಬಿಡಲಿ, ಸಂಗೀತ ಕಟ್ಟಿದವನೇ ಸಂಯೋಜಕ ಎಂದಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಧ್ವನಿಮುದ್ರಣದಲ್ಲಿ ಸೇರಿದ ರಚನೆಯ ಹಕ್ಕನ್ನು ಕಂಪನಿಗೆ ಮಾರಿದರೂ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಸಂಯೋಜಕ, ಕವಿ ಬರೆದುಕೊಡುವಂತಿಲ್ಲ. ಬರೆಸಿಕೊಂಡರೂ ಅದು ಊರ್ಜಿತವಲ್ಲ. ಇದಕ್ಕಾಗಿ ರಾಜ್ಯಸಭೆಯ ಒಳಗೂ ಹೊರಗೂ ಹೋರಾಡಿದ ಜಾವೇದ್ ಅಖ್ತರ್ ಅವರಿಗೆ ಕನ್ನಡದ ಸಂಯೋಜಕರೂ ಋಣಿಗಳು. ಇವೆಲ್ಲಕ್ಕಿಂತ ಹಳೆಯದು, ಕಡಿಮೆ ಬಳಕೆಯದು, 57ನೆಯ ಕಲಂ. ಎಲ್ಲ ಹಕ್ಕುಗಳನ್ನು ಮಾರಿಕೊಂಡ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ ಎನ್ನುತ್ತದೆ ಅದು. ಹಣ ಬೇಡವೆಂದವನಿಗೂ ಹೆಸರು ಸಲ್ಲಬೇಕು.

ಹಣ ಬೇಡ, ಹೆಸರು ಬೇಕು ಎಂದು ನಿಜಕ್ಕೂ ಹೇಳಿದ ಸಂಯೋಜಕನೊಬ್ಬ ಅಮೆರಿಕದಲ್ಲಿದ್ದಾನೆ. ಕೆವಿನ್ ಮೆಕ್ಲಿಯಾಡ್ ಎಂಬ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಅಪರಿಚಿತ. ಆತನ ಸಂಗೀತವನ್ನು ಕೇಳದವರು ಮಾತ್ರ ವಿರಳ. ಮಕ್ಕಳ ವಿಡಿಯೊ, ಅಡುಗೆಯ ಪಾಠ, ಬೆಕ್ಕಿನ ಚೇಷ್ಟೆ, ಪ್ರವಾಸದ ಚಿತ್ರಣಗಳ ಹಿನ್ನೆಲೆಯಲ್ಲಿ ತುಂಟತನದಿಂದ ಕುಪ್ಪಳಿಸುವ ಆ ಸಣ್ಣ ರಾಗಗಳಲ್ಲಿ ಬಹಳಷ್ಟು ಆತನವೇ. ಸಾವಿರಾರು ರಚನೆಗಳನ್ನು ಆತ ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾನೆ. ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಒಂದೇ ಕರಾರು: ಸಂಯೋಜಕನ ಹೆಸರು ಹಾಕಬೇಕು. ಹಾಕಲು ಆಗದಿದ್ದರೆ ಹಣ ಕೊಟ್ಟು ಬೇರೆ ಪರವಾನಗಿ ಪಡೆಯಬೇಕು. ಈ ವ್ಯವಸ್ಥೆಯನ್ನು ನಾನು ತುಂಬ ಮೆಚ್ಚುತ್ತೇನೆ. ಇಲ್ಲಿ ಸಂಗೀತಕ್ಕೆ ಬೆಲೆಯಿಲ್ಲ, ಹೆಸರನ್ನು ಬಿಟ್ಟುಬಿಡುವುದಕ್ಕೆ ಬೆಲೆಯಿದೆ. ಇದಕ್ಕೆ ಆಧಾರವಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದದ್ದು 2002ರ ಡಿಸೆಂಬರಿನಲ್ಲಿ. ಎರಡು ದಶಕ ಕಳೆದರೂ ಕನ್ನಡದ ಸಂಯೋಜಕರಲ್ಲಿ ಅದನ್ನು ಬಳಸಿಕೊಂಡವರು ನನ್ನ ಕಣ್ಣಿಗೆ ಬಿದ್ದದ್ದು ಅತಿ ಕಡಿಮೆ.

ಹೆಸರು ಕಳೆಯುವುದು ಒಂದು ಬಗೆಯ ಅನ್ಯಾಯವಾದರೆ, ತಪ್ಪು ಹೆಸರು ಅಂಟಿಕೊಳ್ಳುವುದು ಇನ್ನೊಂದು. 2018ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಿಯಾನೊ ವಾದಕ ಜೇಮ್ಸ್ ರೋಡ್ಸ್ ತಾನು ಮನೆಯಲ್ಲಿ ನುಡಿಸಿದ ಬಾಖ್‌ನ ಕೃತಿಯೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಅದರಲ್ಲಿನ 47 ಸೆಕೆಂಡುಗಳು ಸೋನಿ ಸಂಗೀತ ಸಂಸ್ಥೆಗೆ ಸೇರಿದ್ದೆಂದು ಯಂತ್ರ ತೀರ್ಪು ಕೊಟ್ಟಿತು. ಬಾಖ್ ತೀರಿಕೊಂಡದ್ದು 1750ರಲ್ಲಿ. ನುಡಿಸಿದ್ದು ರೋಡ್ಸ್. ಕಂಪನಿಯ ಬಳಿ ಇದ್ದದ್ದು ಬೇರೆಯವರು ನುಡಿಸಿದ ಒಂದು ಮುದ್ರಣ, ಅಷ್ಟೆ. ಸಾರ್ವಜನಿಕವಾಗಿ ಗದ್ದಲವೆದ್ದ ಮೇಲೆ ಆ ಹಕ್ಕು ಸಾಧನೆ ಹಿಂತೆಗೆಯಲ್ಪಟ್ಟಿತು. ನಮ್ಮ ಗಾಯಕರಿಗೂ ಇದು ಹೊಸದಲ್ಲ. ಯಾವ ಕಂಪನಿಯ ಸ್ವತ್ತೂ ಅಲ್ಲದ ತ್ಯಾಗರಾಜರ ಕೃತಿಯನ್ನೋ ದಾಸರ ಪದವನ್ನೋ ತಮ್ಮದೇ ದನಿಯಲ್ಲಿ ಹಾಡಿ ಜಾಲಕ್ಕೇರಿಸಿದವರಿಗೆ ಕೃತಿಸ್ವಾಮ್ಯದ ನೋಟಿಸು ಬರುತ್ತದೆ. ರೋಡ್ಸ್‌ಗೆ ಇದ್ದಷ್ಟು ಹೆಸರು ಅವರಿಗೆಲ್ಲ ಇಲ್ಲದ್ದರಿಂದ ಗದ್ದಲವೇಳುವುದಿಲ್ಲ. ಜಾಹೀರಾತಿನ ಪುಡಿಗಾಸು ಕಂಪನಿಯ ಖಾತೆಗೆ ಹೋಗುತ್ತಿರುತ್ತದೆ.

ಇದರ ಮೇಲೆ ಈಗ ಯಂತ್ರವೇ ಹಾಡು ಕಟ್ಟತೊಡಗಿದೆ. ಸಂಪೂರ್ಣವಾಗಿ ಕೃತಕ ಬುದ್ಧಿಮತ್ತೆ ತಯಾರಿಸಿದ ಸುಮಾರು ಹತ್ತು ಸಾವಿರ ಹಾಡುಗಳು ದಿನವೊಂದಕ್ಕೆ ತನಗೆ ಬರುತ್ತಿವೆಯೆಂದು ಫ್ರಾನ್ಸಿನ ಡೀಜರ್ ಸಂಸ್ಥೆ 2025ರ ಜನವರಿಯಲ್ಲಿ ಹೇಳಿತು. ಕರ್ತೃವಿಲ್ಲದ ಸಂಗೀತದ ಆ ರಾಶಿಯಲ್ಲಿ, ಕರ್ತೃವಿದ್ದೂ ಹೆಸರಿಲ್ಲದ ಸಂಗೀತವನ್ನು ಬೇರ್ಪಡಿಸುವವರು ಯಾರು?

ಸಂಯೋಜಕರ ಹೊಣೆಯೂ ಇದರಲ್ಲಿದೆ ಎನ್ನಲೇಬೇಕು. ಹಾಡು ಏರಿಸುವಾಗ ಕೇಳುವ ವಿವರಗಳ ನಮೂನೆಯನ್ನು ಬೇಸರದಿಂದ ಅರೆಬರೆ ತುಂಬುವುದು, ಕವಿಯ ಅನುಮತಿ ಕೇಳದಿರುವುದು, ವಾದ್ಯ ನುಡಿಸಿದವರನ್ನು ಮರೆಯುವುದು ನಮ್ಮಲ್ಲಿ ಮಾಮೂಲು. ತನ್ನ ಹೆಸರಿಗಾಗಿ ಮರುಗುವವನು ತಬಲಾದವನ ಹೆಸರನ್ನು ಬಿಟ್ಟಿರುತ್ತಾನೆ. 1969ರಲ್ಲಿ ಹುಟ್ಟಿ, 2017ರಲ್ಲಿ ಹೊಸ ಕಾನೂನಿನಡಿ ಮರುನೋಂದಣಿ ಪಡೆದ ಐಪಿಆರ್‌ಎಸ್‌ನ ಸದಸ್ಯತ್ವ ಚಿತ್ರರಂಗದವರಿಗಷ್ಟೇ ಮೀಸಲೆಂಬ ಭ್ರಮೆಯೂ ಹಲವರಲ್ಲಿದೆ. ಭಾವಗೀತೆ, ರಂಗಗೀತೆ, ಮಕ್ಕಳ ಹಾಡು ಕಟ್ಟುವವರೂ ಅಲ್ಲಿ ತಮ್ಮ ಕೃತಿಗಳನ್ನು ನೋಂದಾಯಿಸಬಹುದು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ವರ್ಷಕ್ಕೊಂದು ಸನ್ಮಾನ ಕಡಿಮೆ ಮಾಡಿ, ಜಿಲ್ಲೆಗೊಂದು ದಿನದ ಶಿಬಿರದಲ್ಲಿ ಇದನ್ನು ಕಲಿಸಿಕೊಟ್ಟರೆ ಹಾರ-ತುರಾಯಿಗಿಂತ ಹೆಚ್ಚಿನ ಉಪಕಾರವಾದೀತು.

ಇನ್ನು ಹಳೆಯ ಹಾಡುಗಳು. ಬೆಂಗಳೂರು, ಧಾರವಾಡ, ಮೈಸೂರು ಆಕಾಶವಾಣಿ ನಿಲಯಗಳಿಗಾಗಿ ಕಟ್ಟಿದ ಅಸಂಖ್ಯ ಧಾಟಿಗಳು ಒಂದೊಂದಾಗಿ ಅಂತರ್ಜಾಲಕ್ಕೆ ಬರುತ್ತಿವೆ. ಕೆಲವು ಅಧಿಕೃತವಾಗಿ, ಹಲವು ಅಭಿಮಾನಿಗಳ ಹಳೆಯ ಟೇಪುಗಳಿಂದ. ಹಾಡಿದವರ ಹೆಸರಿರುತ್ತದೆ, ಕೆಲವೊಮ್ಮೆ ಕವಿಯದೂ ಇರುತ್ತದೆ. ಸಂಯೋಜಕರ ಹೆಸರು ಆ ಕಾಲದ ಉದ್ಘೋಷಕರ ನೆನಪಿನಲ್ಲಿ, ಟೇಪಿನ ಡಬ್ಬಿಯ ಮೇಲಿನ ಮಾಸಿದ ಕೈಬರಹದಲ್ಲಿ ಉಳಿದಿದ್ದರೆ ಉಳಿದೀತು. ಧ್ವನಿಯನ್ನು ಗಣಕಕ್ಕೆ ಇಳಿಸುವಾಗ ಆ ಡಬ್ಬಿಯ ಚೀಟಿಯನ್ನೂ ಓದಿ ಬರೆದಿಡಲು ಹಾಡಿಗೆ ಐದು ನಿಮಿಷ ಸಾಕು. ಅದನ್ನು ಓದಬಲ್ಲ ನಿವೃತ್ತ ಸಿಬ್ಬಂದಿ ಇನ್ನೂ ನಮ್ಮ ನಡುವೆ ಇದ್ದಾರೆ.