ಕುಂಡದ ತಳಕ್ಕೆ ಜಲ್ಲಿ ಬೇಡ, ಮಣ್ಣು ಹದವಾಗಲಿ

ಕುಂಡದ ತಳದಲ್ಲಿ ಒಂದು ಪದರ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಹರಡಿ, ಅದರ ಮೇಲೆ ಮಣ್ಣು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಇದಕ್ಕೆ ರೈತರನ್ನಷ್ಟೇ ದೂರಿ ಫಲವಿಲ್ಲ. ಕೃಷಿ ವಿಜ್ಞಾನ ಓದಿದ ನಾವೂ ತರಬೇತಿಗಳಲ್ಲಿ ಇದನ್ನೇ ಹೇಳಿಕೊಟ್ಟಿದ್ದೇವೆ. ಈ ಪದ್ಧತಿಯನ್ನು ಕೈಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಹೂಗಿಡದ ಮಟ್ಟಿಗೆ ಇದು ಸಣ್ಣ ವಿಷಯವೆನಿಸಬಹುದು. ಕಾಳುಮೆಣಸಿನ ವಿಷಯದಲ್ಲಿ ಹಾಗಲ್ಲ. ಮಲೆನಾಡು, ಕೊಡಗು ಮತ್ತು ಕರಾವಳಿಯ ರೈತರು ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಹಬ್ಬುಬಳ್ಳಿಯ ತುಂಡುಗಳನ್ನು ಪಾಲಿಥೀನ್ ಚೀಲಗಳಲ್ಲಿ ನೆಟ್ಟು, ಮುಂಗಾರಿನಲ್ಲಿ ತೋಟಕ್ಕೆ ಸಾಗಿಸುತ್ತಾರೆ. ಪೊದೆ ಮೆಣಸನ್ನು ಮನೆಯಂಗಳದ ಕುಂಡಗಳಲ್ಲಿ ಬೆಳೆಯುವವರೂ ಇದ್ದಾರೆ. ಮೆಣಸಿನ ಬೇರು ನಿಂತ ನೀರನ್ನು ಸಹಿಸದು. ಸೊರಗು ರೋಗ ತರುವ ಫೈಟಾಫ್ತರಾ ರೋಗಾಣುವಿನ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ಸಸಿಮಡಿಯಲ್ಲಿ ಗಿಡ ಸತ್ತರೆ ಆ ವರ್ಷದ ನಾಟಿಯೇ ತಪ್ಪುತ್ತದೆ. ಸಾಯದೆ ಉಳಿದ ರೋಗಪೀಡಿತ ಸಸಿಯಂತೂ ರೋಗವನ್ನು ತೋಟಕ್ಕೇ ಹೊತ್ತೊಯ್ಯುತ್ತದೆ.

ಜಲ್ಲಿ ಏಕೆ ಕೆಲಸಕ್ಕೆ ಬಾರದು? ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಆಯತಾಕಾರದ ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಮಟ್ಟಸವಾಗಿ ಎತ್ತಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದುದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ. ಮಣ್ಣಿನ ಸಣ್ಣ ರಂಧ್ರಗಳೂ ಹೀಗೆಯೇ ನೀರನ್ನು ಹಿಡಿದಿಡುತ್ತವೆ. ಆದುದರಿಂದ ಬಸಿಯುವುದು ನಿಂತ ಮೇಲೂ ಕುಂಡದ ಮಣ್ಣಿನ ಅತ್ಯಂತ ಕೆಳಭಾಗದಲ್ಲಿ ಗಾಳಿಯಾಡದ ಒಂದು ಜವುಗು ಪದರ ಉಳಿದೇ ಉಳಿಯುತ್ತದೆ. ಇದರ ದಪ್ಪವನ್ನು ಮುಖ್ಯವಾಗಿ ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ. ಕಣ ಸಣ್ಣದಾದಷ್ಟೂ ಪದರ ದಪ್ಪ.

ಇಪ್ಪತ್ತು ಸೆಂ.ಮೀ. ಎತ್ತರದ ಮಣ್ಣಿನಲ್ಲಿ ಈ ಪದರ 4 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಬೇರಿಗೆ 16 ಸೆಂ.ಮೀ. ಒಳ್ಳೆಯ ಮಣ್ಣು ಸಿಗುತ್ತದೆ. ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿದರೆ ಜವುಗು ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ. ಬೇರಿಗೆ ಉಳಿಯುವುದು 11 ಸೆಂ.ಮೀ. ಮಾತ್ರ. ಕೆಲವು ಮಿಶ್ರಣಗಳಲ್ಲಿ ಜಲ್ಲಿಯಿಂದ ತುಸು ನೀರು ಹೆಚ್ಚಾಗಿ ಇಳಿಯುವುದೂ ಉಂಟು. ಆದರೆ ಬೇರು ಕಳೆದುಕೊಳ್ಳುವ ಜಾಗಕ್ಕೆ ಹೋಲಿಸಿದರೆ ಆ ಲಾಭ ದೊಡ್ಡದಲ್ಲ. ತಳದ ತೂತಿನಿಂದ ಮಣ್ಣು ಸೋರುವುದೆಂದಿದ್ದರೆ ಒಂದು ಹೆಂಚಿನ ಚೂರನ್ನು ಬೋರಲಾಗಿ ಇಟ್ಟರೆ ಸಾಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಮಣ್ಣಿನ ಮಿಶ್ರಣ. ಮೆಣಸಿನ ಸಸಿಗೆ 2 ಪಾಲು ಮಣ್ಣು, 1 ಪಾಲು ಮರಳು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಂಬುದು ರೂಢಿಯಲ್ಲಿರುವ ಅಳತೆ. ಇದರಲ್ಲಿ ಮರಳು ದಪ್ಪ ಕಣದ್ದಾಗಿರಬೇಕು. ನುಣುಪು ಮರಳು ಮಣ್ಣಿನ ಸಂದುಗಳನ್ನು ತುಂಬಿ ಕೇಡನ್ನೇ ಮಾಡುತ್ತದೆ. ಹೊಳೆಮರಳು ಸಿಗದೆ ಎಂ-ಸ್ಯಾಂಡ್ ಬಳಸುವವರು ಜರಡಿ ಹಿಡಿದು, ತೊಳೆದು, ಕಲ್ಲುಪುಡಿಯನ್ನು ತೆಗೆದುಬಿಡಬೇಕು. ಜಿಗುಟು ಮಣ್ಣಿಗೆ ಒಂದು ಹಿಡಿ ಮರಳು ಬೆರೆಸಿ ಸುಮ್ಮನಾದರೆ ಪ್ರಯೋಜನವಿಲ್ಲ. ಅಂಥ ಮಣ್ಣನ್ನೇ ಬದಲಿಸುವುದು ಉಚಿತ. ಕಾಂಪೋಸ್ಟ್ ಮಾಡಿದ ತೆಂಗಿನ ನಾರಿನ ಪುಡಿ ಮತ್ತು ಭತ್ತದ ಉಮಿಯ ಕರಿ ಮಣ್ಣನ್ನು ಸಡಿಲಗೊಳಿಸುತ್ತವೆ. ನಾರಿನ ಹಸಿ ಪುಡಿಯಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನು ಹಾಗೆಯೇ ಬಳಸಬಾರದು.

ಎರಡನೆಯದು ತುಂಬುವ ಕ್ರಮ. ಒದ್ದೆ ಮಣ್ಣನ್ನು ಕೈಯಿಂದ ಗಿಡಿದು ತುಂಬಿದರೆ ಎಂಥ ಮಿಶ್ರಣವೂ ಇಟ್ಟಿಗೆಯಂತಾಗುತ್ತದೆ. ತುಸುವೇ ತೇವವಿರುವ ಮಣ್ಣನ್ನು ತುಂಬಿ, ಚೀಲವನ್ನು ನೆಲಕ್ಕೆ ಮೆಲ್ಲನೆ ಕುಟ್ಟಿದರೆ ಸಾಕು. ಚೀಲಗಳನ್ನು ತಗ್ಗಿನಲ್ಲಿ ಜೋಡಿಸದೆ ಏರುಮಡಿಯ ಮೇಲಿಡಬೇಕು. ತಳದ ತೂತುಗಳು ಕೆಸರಿನಿಂದ ಮುಚ್ಚಿಹೋಗದಂತೆ ಆಗಾಗ ನೋಡಬೇಕು.

ಮೂರನೆಯದು ನೀರು. ಚಪ್ಪರದ ನೆರಳಿನಲ್ಲಿರುವ ಚೀಲಗಳಿಗೆ ದಿನವೂ ಗಡಿಯಾರ ನೋಡಿ ನೀರು ಹಾಕುವ ರೂಢಿ ಒಳ್ಳೆಯದಲ್ಲ. ಬೆರಳಿನಿಂದ ಮೇಲ್ಮಣ್ಣನ್ನು ಕೆದಕಿ ನೋಡಿ, ತೇವ ಆರಿದ್ದರೆ ಮಾತ್ರ ಹಾಕಬೇಕು.

ಸಸಿ ಹಳದಿಯಾದೊಡನೆ ಶಿಲೀಂಧ್ರನಾಶಕದ ಅಂಗಡಿಗೆ ಓಡುವ ಅಭ್ಯಾಸ ಈಗ ಹೆಚ್ಚುತ್ತಿದೆ. ಶೇ. 1ರ ಬೋರ್ಡೋ ದ್ರಾವಣ ಬೇಡವೆಂದು ನಾನು ಹೇಳುತ್ತಿಲ್ಲ. ಜವುಗು ಮಣ್ಣಿನಲ್ಲಿ ಉಸಿರುಗಟ್ಟಿದ ಬೇರನ್ನು ಔಷಧಿಯೊಂದೇ ಉಳಿಸಲಾರದು.

ಅಡಿಕೆ ತೋಟದ ಬಸಿಗಾಲುವೆ ಆಳವಾಗಿರಬೇಕೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಂಡಕ್ಕೂ ಇದೇ ಮಾತು ಸಲ್ಲುತ್ತದೆ. ಈ ಸಲ ಸಸಿಮಡಿ ಮಾಡುವ ಮುನ್ನ ಒಂದೇ ಒಂದು ಚೀಲಕ್ಕೆ ನಿಮ್ಮ ಮಿಶ್ರಣವನ್ನು ತುಂಬಿ, ನೀರು ಹಾಕಿ, ಬಸಿಯುವುದು ನಿಂತ ಮೇಲೆ ಉದ್ದಕ್ಕೆ ಸೀಳಿ, ತಳದ ಮಣ್ಣನ್ನು ಹಿಂಡಿ ನೋಡಿ. ಬಹಳ ಮೇಲಿನವರೆಗೂ ನೀರು ಒಸರಿದರೆ ಮಿಶ್ರಣವನ್ನು ಬದಲಿಸಿ. ನೂರಾರು ಬಳ್ಳಿ ನೆಟ್ಟು ಕಳೆದುಕೊಳ್ಳುವುದಕ್ಕಿಂತ ಒಂದು ಚೀಲ ಕಳೆದುಕೊಳ್ಳುವುದು ಮೇಲಲ್ಲವೇ?