ಹಿಮಾಲಯದ ಹಕ್ಕಿ ನೋಡಲು ಯಾರ ಜೊತೆ ಹೋಗಬೇಕು?

ಮಕ್ಕಳೇ, ಬರೀ ಹಕ್ಕಿ ನೋಡುವುದಕ್ಕೆಂದೇ ಸಾವಿರಾರು ಕಿಲೋಮೀಟರ್ ಪ್ರವಾಸ ಹೋಗುವವರಿದ್ದಾರೆ ಎಂದರೆ ನಂಬುತ್ತೀರಾ? ಅಲ್ಲಿ ಕೋಟೆಯಿಲ್ಲ, ಜಾತ್ರೆಯಿಲ್ಲ, ಐಸ್‌ಕ್ರೀಮ್ ಗಾಡಿಯಂತೂ ಇಲ್ಲವೇ ಇಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಕೊರಳಿಗೆ ದುರ್ಬೀನು ಹಾಕಿಕೊಂಡು, ಕಾಡಿನ ದಾರಿಯಲ್ಲಿ ಸದ್ದಿಲ್ಲದೆ ನಡೆಯಬೇಕು. ಮುಂದೆ ಆ ಊರಿನ ಒಬ್ಬ ಮಾರ್ಗದರ್ಶಿ ಇರುತ್ತಾನೆ. ಆತ ಕೈ ಎತ್ತಿದರೆ ಎಲ್ಲರೂ ನಿಲ್ಲಬೇಕು.

ಇಂಥ ಪ್ರವಾಸಕ್ಕೆ ಹೆಸರಾದ ಜಾಗಗಳಲ್ಲಿ ಒಂದು ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ಅಭಯಾರಣ್ಯ. ಅದರ ಬುಡ ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ನಮ್ಮ ಅಥಣಿ ಸೀಮೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಆದರೆ ಅಥಣಿಯಲ್ಲಿ ಮಳೆ ಕಡಿಮೆ, ಅಲ್ಲಿ ಮಳೆಯೋ ಮಳೆ. ಹಾಗಾಗಿ ಬುಡದಲ್ಲಿ ಬೆಚ್ಚನೆಯ ದಟ್ಟ ಕಾಡು ಬೆಳೆದಿದೆ. ಅಲ್ಲಿಂದ ದಾರಿ ಏರುತ್ತಾ ಏರುತ್ತಾ ಸುಮಾರು 3,250 ಮೀಟರ್‌ವರೆಗೆ ಹೋಗುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2,750 ಮೀಟರ್ ಏರಿದರೆ ಎಷ್ಟು ಇಳಿಯಬೇಕು? ಹತ್ತಿರ ಹತ್ತಿರ 18 ಡಿಗ್ರಿ. ಬುಡದಲ್ಲಿ 30 ಡಿಗ್ರಿ ಇದ್ದ ದಿನ ತುದಿಯಲ್ಲಿ 12 ಡಿಗ್ರಿ. ಚಳಿ ಬದಲಾದಂತೆ ಮರ ಬದಲಾಗುತ್ತದೆ, ಮರ ಬದಲಾದರೆ ಹುಳ-ಹಣ್ಣು ಬದಲಾಗುತ್ತವೆ, ಅವುಗಳನ್ನು ತಿನ್ನುವ ಹಕ್ಕಿಗಳೂ ಬೇರೆಯಾಗುತ್ತವೆ. ಕೆಳಗಿನ ಕಾಡಿನಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ (ನಮ್ಮ ದಾಂಡೇಲಿ ಕಾಡಿನಲ್ಲೂ ಇದೆ), ಮೇಲಿನ ತಣ್ಣನೆಯ ಕಾಡಿನಲ್ಲಿ ಕಾಡುಕೋಳಿಯ ಬಳಗದ ಕೆಂಪು ಟ್ರಾಗೋಪಾನ್. ಒಂದೇ ಗುಡ್ಡದಲ್ಲಿ 450ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಸಿಗುವುದಕ್ಕೆ ಇದೇ ಕಾರಣ.

ಈ ಗುಡ್ಡದ ಒಂದು ಹಕ್ಕಿಯ ಕಥೆಯನ್ನು ಹೇಳಲೇಬೇಕು. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಸಿಗುವ ಪುಣೆಯಲ್ಲಿ ರಮಣ ಆತ್ರೇಯ ಎಂಬ ಖಗೋಳ ವಿಜ್ಞಾನಿ ಇದ್ದರು. ರಾತ್ರಿಯ ಆಕಾಶ ಅವರ ಕೆಲಸ, ಹಕ್ಕಿ ಅವರ ಹುಚ್ಚು. 1995ರಲ್ಲಿ ಈಗಲ್‌ನೆಸ್ಟ್‌ನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಹಕ್ಕಿ ಅವರ ಕಣ್ಣಿಗೆ ಬಿತ್ತು. ಗೊರವಂಕದಷ್ಟು ಗಾತ್ರ, ಕಪ್ಪು ಟೋಪಿ, ರೆಕ್ಕೆಯಲ್ಲಿ ಕೆಂಪು-ಹಳದಿ ಬಣ್ಣ. ಅದು ಹೊಸ ಜಾತಿ ಎಂದು ಜಗತ್ತಿಗೆ ಸಾರಲು 2006ರವರೆಗೆ ಕಾಯಬೇಕಾಯಿತು. ಹೊಸ ಜಾತಿ ಎಂದು ತೋರಿಸಲು ಒಂದು ಹಕ್ಕಿಯನ್ನು ಕೊಂದು ಸಂಗ್ರಹಾಲಯದಲ್ಲಿಡುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಅಲ್ಲಿ ಕಂಡಿದ್ದೇ ಕೆಲವು ಹಕ್ಕಿಗಳು! ಅವರು ಕೊಲ್ಲಲಿಲ್ಲ. ಬಲೆಯಲ್ಲಿ ಹಿಡಿದು, ಅಳತೆ ತೆಗೆದು, ಫೋಟೋ ತೆಗೆದು, ಉದುರಿದ ಪುಕ್ಕ ಇಟ್ಟುಕೊಂಡು ಹಾರಲು ಬಿಟ್ಟರು. ಕೂಗನ್ನು ಧ್ವನಿಮುದ್ರಿಸಿಕೊಂಡರು. ಹಕ್ಕಿಗೆ ತಮ್ಮ ಹೆಸರಿಡದೆ, ಆ ಕಾಡಿನ ಪಕ್ಕದಲ್ಲಿ ಬಾಳುವ ಬುಗುನ್ ಜನರ ಹೆಸರನ್ನೇ ಇಟ್ಟರು: ಬುಗುನ್ ಲಿಯೋಸಿಕ್ಲಾ.

ಇದನ್ನು ನೋಡಲು ಈಗ ದೂರದ ದೇಶಗಳಿಂದಲೂ ಜನ ಬರುತ್ತಾರೆ. ಅವರಿಗೆ ದಾರಿ ತೋರಿಸುವುದು, ಅಡುಗೆ ಮಾಡಿ ಬಡಿಸುವುದು ಬುಗುನ್ ಜನರಿಗೆ ಒಂದು ದುಡಿಮೆಯಾಗಿದೆ. 2017ರಲ್ಲಿ ಬುಗುನ್ ಜನರ ಸುಮಾರು 17 ಚದರ ಕಿಲೋಮೀಟರ್ ಕಾಡು ಸಮುದಾಯ ಮೀಸಲು ಪ್ರದೇಶವಾಯಿತು. ಮರ ಕಡಿದರೆ ದುಡ್ಡು ಒಂದೇ ಸಲ ಬರುತ್ತದೆ. ಹಕ್ಕಿ ಉಳಿದರೆ ಪ್ರತಿ ವರ್ಷ ಬರುತ್ತದೆ.

ಆದರೆ ಎಲ್ಲ ಹಕ್ಕಿ ಪ್ರವಾಸಗಳೂ ನನಗೆ ಹಿಡಿಸುವುದಿಲ್ಲ. ಕೆಲವರಿಗೆ ಪಟ್ಟಿಯ ಚಟ. ಇವತ್ತು 80 ಜಾತಿ, ನಾಳೆ 100 ಜಾತಿ! ಹಕ್ಕಿ ಬೇಗ ಎದುರಿಗೆ ಬರಲೆಂದು ಅದರದೇ ಕೂಗನ್ನು ಸ್ಪೀಕರ್‌ನಲ್ಲಿ ಹಾಕುತ್ತಾರೆ. ಗಂಡುಹಕ್ಕಿ ತನ್ನ ಜಾಗಕ್ಕೆ ಎದುರಾಳಿ ನುಗ್ಗಿದನೆಂದು ತಿಳಿದು, ಮೇವು ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಓಡಿ ಬರುತ್ತದೆ. ದಿನಕ್ಕೆ ನಾಲ್ಕು ಗುಂಪು ಹೀಗೆ ಮಾಡಿದರೆ ಮರಿಗಳಿಗೆ ಉಣಿಸುವವರಾರು? ಒಳ್ಳೆಯ ಮಾರ್ಗದರ್ಶಿ ಸ್ಪೀಕರ್ ಹಿಡಿಯುವುದಿಲ್ಲ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಅಲ್ಲಿಗೆ ಯಾರು ಬರುತ್ತಾರೆ ಎಂಬುದು ಅವನಿಗೆ ಗೊತ್ತಿರುತ್ತದೆ.

"ಸರ್, ಅರುಣಾಚಲಕ್ಕೆ ನಾವು ಹೇಗೆ ಹೋಗೋಣ್ರಿ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೋಗುವುದು ಕಷ್ಟ. ಆದರೆ ಹಿಮಾಲಯದ ಕಡೆಯ ಹಕ್ಕಿಗಳೇ ನಮ್ಮ ಊರಿಗೆ ಬರುತ್ತವಲ್ಲ! ಹಳದಿ ಹೊಟ್ಟೆಯ, ಬಾಲ ಮೇಲೆ ಕೆಳಗೆ ಕುಣಿಸುವ ಬೂದು ಸಿಪಿಲೆಯನ್ನು ಹಳ್ಳದ ದಂಡೆಯಲ್ಲಿ ಕಂಡಿದ್ದೀರಾ? ಹಿಮಾಲಯದ ತೊರೆಗಳ ಬದಿಯಲ್ಲಿ, ಅದರಾಚೆಯ ನಾಡುಗಳಲ್ಲಿ ಅದು ಮರಿ ಮಾಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ದಕ್ಷಿಣಕ್ಕೆ ಬರುತ್ತದೆ. ಬಿಳಿ ಹುಬ್ಬಿನ ಕಪ್ಪು-ಬಿಳುಪು ಸಿಪಿಲೆ ಮಾತ್ರ ವರ್ಷವಿಡೀ ಇಲ್ಲೇ ಇರುವ ನಮ್ಮೂರಿನದು. ಎರಡನ್ನೂ ಬೆರೆಸಬೇಡಿ. ಚಳಿಗಾಲದಲ್ಲಿ ಹೊಲದ ಬದುವಿನ ಕಲ್ಲಿನ ಮೇಲೆ ಕುಳಿತು ಕಿತ್ತಳೆ-ಕೆಂಪು ಬಾಲ ನಡುಗಿಸುವ ಬ್ಲ್ಯಾಕ್ ರೆಡ್‌ಸ್ಟಾರ್ಟ್ ಕೂಡ ಎತ್ತರದ ಬೆಟ್ಟಗಳ ಕಡೆಯಿಂದ ಬಂದ ಅತಿಥಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಂತೂ ಹಿಮಾಲಯವನ್ನೇ ದಾಟಿ ಬರುತ್ತವೆ. ಅವು 7,000 ಮೀಟರ್‌ಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಉಪಕರಣ ಕಟ್ಟಿ ಅಳೆದಿದ್ದಾರೆ.

ಇನ್ನೊಂದು ಸಂಗತಿ ಹೇಳಿದರೆ ನಿಮಗೆ ನಗು ಬರಬಹುದು. ನಮ್ಮ ಬೇಲಿಯ ಬುಡದಲ್ಲಿ ಗುಂಪು ಕಟ್ಟಿಕೊಂಡು ತರಗೆಲೆ ಕೆದಕುತ್ತಾ ಗಲಾಟೆ ಮಾಡುವ ಹರಟೆಮಲ್ಲ, ಆ ಬುಗುನ್ ಲಿಯೋಸಿಕ್ಲಾದ ಕುಟುಂಬದ್ದೇ ಹಕ್ಕಿ. ಅದನ್ನು ನೋಡಲು ಲಕ್ಷಾಂತರ ರೂಪಾಯಿ ಖರ್ಚು, ಇದಕ್ಕೆ ನಾವು ಎಸೆಯುವುದು ಕಲ್ಲು!

ಆದ್ದರಿಂದ ನನ್ನ ಮಾತು ಇಷ್ಟು. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೋಗುವ ಶೈಕ್ಷಣಿಕ ಪ್ರವಾಸ ಇರಲಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಪ್ರತಿ ಶಾಲೆಯೂ ನಡೆದೇ ಹಕ್ಕಿ ನೋಡಲು ಹೋಗಬೇಕು. ಚಿಕ್ಕೋಡಿ ತಾಲ್ಲೂಕಿನ ಯಡೂರು, ಕಲ್ಲೋಳ, ಕಾಗವಾಡದ ಉಗಾರ, ರಾಯಬಾಗದ ಕುಡಚಿಯವರಿಗೆ ಕೃಷ್ಣೆಯ ದಂಡೆಯಿದೆ. ನಿಪ್ಪಾಣಿ ಕಡೆಯವರಿಗೆ ವೇದಗಂಗಾ, ದೂಧಗಂಗಾ. ಹೊಳೆ ದೂರವಿರುವ ಅಥಣಿಯ ಹಳ್ಳಿಗಳಿಗೆ ಹುಲ್ಲುಗಾವಲು, ಕೆರೆ ಏರಿ. ಬಸ್ಸಿನ ಖರ್ಚಿಲ್ಲ, ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಮಾರ್ಗದರ್ಶಿ ಯಾರು? ಮೀನು ಹಿಡಿಯುವವರು, ಕುರಿ ಕಾಯುವವರು. ಅವರು ಹೇಳುವ ಹೆಸರು ಪುಸ್ತಕದಲ್ಲಿ ಇಲ್ಲವೆಂದು ಬಿಡಬೇಡಿ, ಅದನ್ನೂ ಬರೆದುಕೊಳ್ಳಿ. ನಿಮ್ಮಲ್ಲೇ ಕೆಲವರು ರಜೆಯಲ್ಲಿ ಕುರಿ ಹಿಂದೆ ಹೋಗುತ್ತೀರಿ. ಆ ದಿನ ಅವರು ಮುಂದೆ ನಡೆಯಲಿ, ಶಿಕ್ಷಕರೂ ಹಿಂದೆ ಬರಲಿ.

ಗುಂಪಿನಲ್ಲಿ ಹತ್ತು ಜನರಿಗಿಂತ ಹೆಚ್ಚು ಬೇಡ. ಗೂಡಿನ ಹತ್ತಿರ ಹೋಗಬೇಡಿ. ದಿನಾಂಕ, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು ಎಂದು ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಚಿತ್ರ ಬಿಡಿಸಿ. ಬೂದು ಸಿಪಿಲೆಗಳು ಏಪ್ರಿಲ್ ಹೊತ್ತಿಗೆ ಉತ್ತರಕ್ಕೆ ಹೊರಟುಹೋಗುತ್ತವೆ. ನಿಮ್ಮ ಹಳ್ಳದಲ್ಲಿ ಕೊನೆಯದು ಯಾವ ದಿನ ಕಂಡಿತು ಎಂಬುದನ್ನು ಬರೆದಿಟ್ಟು, ಮಳೆಗಾಲದ ಕೊನೆಗೆ ಮೊದಲನೆಯದು ಬಂದ ದಿನವನ್ನು ಅದರ ಕೆಳಗೇ ಬರೆಯಿರಿ.